ನಾಲ್ಕರಲ್ಲಿ ಎರಡನೆಯದು

ಫ್ಲೇವಿ ಮೊಂತೇರೊ ಬೇಳದಿಂದ ಕೊನೆಯ ಬಸ್ಸಿಗೆ ಬಂದಳು,
ಬೆನ್ನಿಗೆ ಶಾಲೆಮಕ್ಕಳದಕ್ಕಿಂತ ಕೊಂಚ ದೊಡ್ಡ ಚೀಲ.
ಸೀತಾಂಗೋಳಿಯ ಹೋಟೆಲಿನಲ್ಲಿ ಗೋಳಿಬಜೆ ಮುರಿಯುತ್ತ
ಚೆಲ್ಲಿದ ಚಹಾದಲ್ಲಿ ಬೆರಳದ್ದಿ
ಮೇಜಿನ ಮೇಲೆ ನಾಲ್ಕು ಗೆರೆ ಎಳೆದಳು.

"ಕಟ್ಟಡ. ಕಂಬ. ಸೇತುವೆ. ನೆಲ.
ಹಾರುವವರ ಲೋಕದಲ್ಲಿ ಇರುವುದು ಇಷ್ಟೇ, ಐತ್ತಪ್ಪಣ್ಣ.
ನಾಲ್ಕೂ ಮುಗಿದವರಿಗೆ ಒಂದು ನಂಬರು ಸಿಗುತ್ತದೆ.
ನನಗೆ ಮೂರಾಯಿತು. ಕಂಬ ಬಾಕಿ."

ನೆಲದಿಂದ ಹಾರುವುದೆಂದರೆ ಎಂತದು?
"ಬಂಡೆಯ ಅಂಚು. ನೆಲವೇ ಇನ್ನು ಸಾಕೆಂದು ನಿಂತ ಜಾಗ."
ಹಾಗಾದರೆ ನಮ್ಮ ಕೆಂಪುಕಲ್ಲಿನ ಕೋರೆ?
"ಆಳ ಸಾಲದು."
ತೆಂಗಿನಮರ?
ನಕ್ಕಳು. ಆಮೇಲೆ ನಿಜಕ್ಕೂ ಯೋಚಿಸಿದಳು:
ಬೇರಿದೆ, ಹಾಗಾಗಿ ನೆಲ. ಕೊಂಬೆಯಿಲ್ಲ, ಹಾಗಾಗಿ ಕಂಬ.
ಗಲ್ಲಾದಿಂದ ಮುತ್ತಲಿಬ್ ಹೇಳಿದ,
"ಕಂಬವೇ. ನನ್ನ ಮಾವ ಎರಡು ಸಲ ಹಾಗೆ ಇಳಿದಿದ್ದಾರೆ,
ನಂಬರು ಯಾರೂ ಕೊಡಲಿಲ್ಲ ಮಾರಾಯ್ತಿ."

ಮೂವತ್ತೊಂದು ವರ್ಷ ನಾನು ಗೋಪುರಗಳಿಗೆ ಬಣ್ಣ ಹೊಡೆದವನು,
ಉಪ್ಪಳದಿಂದ ಚೆರುವತ್ತೂರಿನವರೆಗೆ
ಕೆಂಪು ಬಿಳಿ ಕೆಂಪು ಬಿಳಿ.
ಉಪ್ಪುಗಾಳಿ ಮೊದಲು ತಿನ್ನುವುದು ಕೆಂಪನ್ನು.
ನನ್ನಲ್ಲೂ ಜಾತಿಗಳುಂಟು:
ಸ್ವಂತ ಕಾಲಲ್ಲಿ ನಿಂತವು, ಕಂಬಿ ಎಳೆದು ನಿಲ್ಲಿಸಿದವು,
ಹತ್ತಿದರೆ ಹಲ್ಲೊಳಗೆ ಗುಂಯ್ ಎನ್ನುವವು,
ಹದ್ದು ಮೊಟ್ಟೆಯಿಟ್ಟು ನಮ್ಮನ್ನು ಓಡಿಸುವವು.
ಪೆರ್ಲದ್ದು ಇದು ಯಾವುದಕ್ಕೂ ಸೇರುವುದಿಲ್ಲ.

ಅದರ ಆಚೆಯ ಕಾಲಿನಲ್ಲಿ ಕುಞಂಬು ಇದ್ದ.
ಮೊದಲು ಬಣ್ಣದ ಡಬ್ಬ ಬಂತು.
ಸಂಜೆ ಕಂಪೆನಿಯ ಜೀಪು ಬಂತು,
ಅದರ ಬಾನೆಟ್ಟಿನ ಮೇಲೆ ಒಂದು ಕಾಗದ,
ಅದರಲ್ಲೂ ನಾಲ್ಕೇ ಮನೆ:
ಜಾರಿದ್ದು. ಮುರಿದದ್ದು. ಕುಡಿದದ್ದು. ಹಾರಿದ್ದು.
ಬೆಲ್ಟಿನ ಕೊಂಡಿ ನನ್ನ ಕೈಯಲ್ಲೇ ಇತ್ತು,
ತುಕ್ಕು ಹಿಡಿದು ಬಾಯ್ಬಿಟ್ಟದ್ದು.
ಸಾಹೇಬರು ನಾಲ್ಕನೆಯ ಮನೆಯ ಮೇಲೆ ಪೆನ್ನಿನ ತುದಿಯಿಟ್ಟು
ಸಾಕ್ಷಿ ಎಂಬಲ್ಲಿ ನನ್ನ ಸಹಿ ಕೇಳಿದರು.
ನನಗೆ ಓದಲು ಬರುತ್ತಿತ್ತು.

ಅವನ ನಾರಾಯಣಿಗೆ ಸಿಕ್ಕಿದ್ದು ಚಪ್ಪಲಿ,
ಮತ್ತೆ ಊರವರ ಒಂದು ಮಾತು: ಎಂತ ದುಃಖವಿತ್ತೋ ಪಾಪ.

ಚಹಾದ ಗೆರೆಗಳು ಒಣಗಿದ್ದವು.
"ಗೇಟಿನ ಕೀಲಿಕೈ ನಿಮ್ಮ ಹತ್ತಿರ ಉಂಟಲ್ಲ?" ಎಂದಳು.
ಗೊತ್ತಿದ್ದದ್ದನ್ನೆಲ್ಲ ಹೇಳಿದೆ.
ಕಂಬಿಗಳು ಮೂರು ದಿಕ್ಕಿಗೆ, ಪಡುವಣಕ್ಕೆ ಬಯಲು.
ಆರರೊಳಗೆ ಗಾಳಿ ಗುಡ್ಡದಿಂದ ಕಡಲಿಗೆ,
ಬಿಸಿಲೇರಿದರೆ ಅದರ ಮನಸ್ಸು ತಿರುಗುತ್ತದೆ.
ನಲವತ್ತನೆಯ ಮೆಟ್ಟಿಲು ಸಡಿಲ, ಎಡಗೈ ಹಾಕಬೇಡ.
ಕೊಂಡಿ ತೋರಿಸು ಎಂದೆ. ಪ್ರತಿಯೊಂದನ್ನೂ ಎಳೆದು ನೋಡಿದೆ.
ಒಂದೇ ಷರತ್ತು:
ಬಿಡುವ ಮೊದಲು ಕೂಗಿ ಹೇಳಬೇಕು.
"ಯಾರಿಗೆ?"
ನನಗೆ. ಕೆಳಗೆ ನಿಂತವನಿಗೆ.

ಬೆಳಗಿನ ಜಾವ ಪದವಿನ ಹುಲ್ಲೆಲ್ಲ ಒದ್ದೆ.
ದೀಪದ ಕೆಂಪಿನ ಪಕ್ಕ ಅವಳು ಒಂದು ಕಾಗೆಯಷ್ಟು.
ಬಂತು, ಗಾಳಿಯಲ್ಲಿ ಅರ್ಧ ಸವೆದು:
ಹಾ... ರು... ತ್ತೇ... ನೆ...
ನಾನು ಬಣ್ಣದ ಲೆಕ್ಕದ ಪುಸ್ತಕ ತೆಗೆದು
ಐದು ಐವತ್ತೆರಡು ಎಂದು ಬರೆದೆ, ಬರೆಯುವಾಗ
ತಲೆಯ ಮೇಲೆ ಹೊಸ ಸೀರೆ ಕೊಡವಿದಂಥ ಸದ್ದು.

ಬಟ್ಟೆಗೆ ಅಂಟಿದ ಮುಳ್ಳು ಕೀಳುತ್ತ ಕುಂಟುತ್ತ ಬಂದಳು.
"ನಾಲ್ಕಾಯಿತು," ಎಂದಳು, ಮತ್ತೆ ಹುಲ್ಲಿನಲ್ಲಿ ಕೂತು
ಯಾಕೋ ಅತ್ತಳು.

ಮೊದಲ ಬಸ್ಸಿಗೆ ಇಬ್ಬರೂ ಹತ್ತಿದೆವು.
ಬೇಳ ಬಂದಾಗ ಅವಳು ಇಳಿದಳು,
ಗೋಪುರ ನೋಡುವ ಹಾಗೆ ಕತ್ತೆತ್ತಿ ಇಗರ್ಜಿ ನೋಡಿದಳು.
ನಾನು ಪೆರ್ಲಕ್ಕೆ ಟಿಕೆಟು ತೆಗೆದಿದ್ದೆ.
ಜೇಬಿನಲ್ಲಿ ಕೊಂಡಿ,
ಇಷ್ಟು ವರ್ಷಕ್ಕೂ ಅದಕ್ಕೆ ನಾನು ಬಣ್ಣ ಹೊಡೆದಿಲ್ಲ.